ಹೊಸ ಮದರ್‌ಬೋರ್ಡಿನ ಬೋಣಿ

ನಮ್ಮ ದೇವರ ಮನೆಯಲ್ಲಿ ಒಬ್ಬ ರಾಕ್ಷಸನಿದ್ದಾನೆ. ಪುರಾಣದವನಲ್ಲ. ನೀಲಿ ಮೈ, ಉಕ್ಕಿನ ತೋಳು, ಕೆಂಪಗೆ ಉರಿಯುವ ಕಣ್ಣು. ಕೈಯಲ್ಲಿ ಒಂದು ಮಿಂಚನ್ನು ಹಿಡಿದುಕೊಂಡು ಯಾರ ಮೇಲೆ ಎಸೆಯಲಿ ಎಂದು ಹುಡುಕುತ್ತಾ ನಿಂತಿದ್ದಾನೆ. ಅವನ ಎದುರಿಗೇ ಲಕ್ಷ್ಮೀನರಸಿಂಹನ ಪಟ. ಇಬ್ಬರೂ ಇಷ್ಟು ವರ್ಷದಿಂದ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಲೇ ಇದ್ದಾರೆ, ಏನೂ ಆಗಿಲ್ಲ. ರಾಕ್ಷಸ ಇರುವುದು ಒಂದು ರಟ್ಟಿನ ಡಬ್ಬದ ಮೇಲೆ. ಆ ಡಬ್ಬದೊಳಗೆ ನಮ್ಮಮ್ಮ ಹೂಬತ್ತಿ, ಗೆಜ್ಜೆವಸ್ತ್ರ ಇಟ್ಟುಕೊಳ್ಳುತ್ತಾಳೆ.

ಅದು ಮದರ್‌ಬೋರ್ಡ್ ಬಂದ ಡಬ್ಬ. ಕಂಪ್ಯೂಟರಿನ ಹೊಟ್ಟೆಯೊಳಗೆ ಉಳಿದೆಲ್ಲ ಭಾಗಗಳನ್ನೂ ಹೊತ್ತುಕೊಂಡಿರುವ ಹಲಗೆಯನ್ನು ಮದರ್‌ಬೋರ್ಡ್ ಎನ್ನುತ್ತಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೇಳಬೇಕಾಗಿದ್ದ ಕಾಲ ಒಂದಿತ್ತು, ಆಗ ನಮ್ಮ ಹೊಳೆನರಸೀಪುರದ ಬೀದಿಯಲ್ಲಿ ಅದನ್ನು ಹೇಳುವವನು ನಾನೊಬ್ಬನೇ ಇದ್ದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದವನು ಕಂತಿನ ಮೇಲೆ ಒಂದು ಕಂಪ್ಯೂಟರ್ ತಂದುಕೊಂಡ ತಪ್ಪಿಗೆ ಊರಿಗೆಲ್ಲ ಕಂಪ್ಯೂಟರ್ ಪಂಡಿತನಾಗಿದ್ದೆ. ನನಗೆ ಗೊತ್ತಿದ್ದದ್ದು ಅದನ್ನು ಆನ್ ಮಾಡುವುದು, ಕೈಕೊಟ್ಟರೆ ಆಫ್ ಮಾಡಿ ಮತ್ತೆ ಆನ್ ಮಾಡುವುದು. ಅಷ್ಟಕ್ಕೇ ಜನ ನನ್ನನ್ನು ಗೌರವದಿಂದ ಕಾಣುತ್ತಿದ್ದರು.

ಅಮ್ಮನಿಗೆ ಡಬ್ಬಗಳೆಂದರೆ ಪ್ರಾಣ. ನಮ್ಮ ಮನೆಯಲ್ಲಿ ಹಾಲಿನ ಪುಡಿಯ ಡಬ್ಬದಲ್ಲಿ ಸಾರಿನ ಪುಡಿ ಇರುತ್ತದೆ, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿ ದಾರ ಇರುತ್ತದೆ, ಚಪ್ಪಲಿಯ ಡಬ್ಬದಲ್ಲಿ ನನ್ನ ಜಾತಕವಿದೆ. ಡಬ್ಬದ ಮೇಲೆ ಏನು ಬರೆದಿದೆ ಎನ್ನುವುದನ್ನು ಅವಳು ಜೀವಮಾನದಲ್ಲಿ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ಬರೆದದ್ದನ್ನು ಓದಿ ನಂಬುವವರು ನಾವು, ಓದಿದವರು.

ಈ ರಾಕ್ಷಸನ ಡಬ್ಬದ ಮೇಲಂತೂ ಓದುವುದಕ್ಕೆ ಬೇಕಾದಷ್ಟಿದೆ. ಎಲ್ಲ ಇಂಗ್ಲಿಷಿನಲ್ಲಿ, ಹೊಳೆಯುವ ಅಕ್ಷರಗಳಲ್ಲಿ. ಎಲ್ಲಕ್ಕಿಂತ ದೊಡ್ಡದಾಗಿ, ರಾಕ್ಷಸನ ಎದೆಯ ಮೇಲೇ ಅಚ್ಚಾಗಿರುವ ಸಾಲಿನ ಅರ್ಥ ಇಷ್ಟು: ಕಾರ್ಡು ಸಿಕ್ಕಿಸಲು ಹೊಸ ಬಗೆಯ ಸ್ಲಾಟೂ ಇದೆ, ಹಳೆಯದೂ ಇದೆ, ಎರಡಕ್ಕೂ ಸಪೋರ್ಟ್ ಇದೆ. ಆ ಸಾಲನ್ನು ಗಟ್ಟಿಯಾಗಿ ಓದಿ, ಕನ್ನಡಕ್ಕೆ ತಿರುಗಿಸಿ ಪುಟ್ಟರಾಜುವಿಗೆ ಹೇಳಿದವನು ನಾನು.

ಪುಟ್ಟರಾಜು ನನ್ನ ಸ್ಕೂಲಿನ ಸ್ನೇಹಿತ. ನುಗ್ಗೇಹಳ್ಳಿಯ ಕಡೆಯವನು, ಹೊಳೆನರಸೀಪುರದಲ್ಲಿ ಅವನ ಸೋದರತ್ತೆಯ ಮನೆಯಿಂದ ಓದಲು ಬರುತ್ತಿದ್ದ. ಓದು ಹತ್ತಲಿಲ್ಲ. ಮನೆಯ ತೆಂಗಿನ ತೋಟ ನೋಡಿಕೊಂಡಿರು ಎಂದರೆ ಅದೂ ಹತ್ತಲಿಲ್ಲ. ತೊಂಬತ್ತರ ಆಸುಪಾಸಿನಲ್ಲಿ, ಊರಿಗೆಲ್ಲ ವಿಡಿಯೋ ಹುಚ್ಚು ಹಿಡಿದ ಹೊತ್ತಿನಲ್ಲಿ, ಎಲ್ಲಿಂದಲೋ ಒಂದು ಕ್ಯಾಮೆರಾ ಹೊಂಚಿಕೊಂಡು ಹೆಗಲ ಮೇಲೆ ಇಟ್ಟುಕೊಂಡ. ಆಮೇಲೆ ಅದನ್ನು ಇಳಿಸಲೇ ಇಲ್ಲ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಅವನ ಸ್ಟುಡಿಯೋ. ಅವನ ಕ್ಯಾಮೆರಾಕ್ಕೆ ಬೋಣಿಯಾದದ್ದು ನಮ್ಮ ಸುಮಿತ್ರಕ್ಕನ ಮದುವೆ.

ಆ ಕಾಲದ ಮದುವೆ ವಿಡಿಯೋ ನಿಮಗೆ ನೆನಪಿರಬೇಕು. ಕ್ಯಾಮೆರಾದವನ ಜೊತೆಗೆ ಒಂದು ಲೈಟು, ಲೈಟಿನ ಜೊತೆಗೆ ಒಂದು ವೈರು, ವೈರಿನ ಜೊತೆಗೆ ಅದನ್ನು ಎಡವಿ ಬೀಳುವ ಒಬ್ಬ ದೊಡ್ಡಪ್ಪ. ಲೈಟು ತಮ್ಮ ಕಡೆ ತಿರುಗಿದ ತಕ್ಷಣ ಹೆಂಗಸರು ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡು ಫೋಟೋದಲ್ಲಿ ಕೂತ ಹಾಗೆ ಅಲ್ಲಾಡದೆ ಕೂರುತ್ತಿದ್ದರು. ಇದು ಓಡುವ ಚಿತ್ರ, ಕೈಕಾಲು ಆಡಿಸಬಹುದು ಎಂದು ಪುಟ್ಟರಾಜು ಎಷ್ಟು ಹೇಳಿದರೂ ಆಡಿಸುತ್ತಿರಲಿಲ್ಲ. ಗಂಡಸರು ಊಟದ ಎಲೆಯ ಮುಂದೆ ಕೈಯಲ್ಲಿ ತುತ್ತು ಹಿಡಿದುಕೊಂಡು, ಲೈಟು ದಾಟಿಹೋದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನನ್ನದು ಇದಕ್ಕೆ ತದ್ವಿರುದ್ಧ. ಕ್ಯಾಮೆರಾ ಎಲ್ಲಿ ಹೋದರೂ ಅದರ ಮುಂದೆ ನಾನಿದ್ದೆ. ಬಡಿಸುವಾಗ ನಾನು, ನೀರು ಕೊಡುವಾಗ ನಾನು, ಸುಮ್ಮನೆ ಹಾದುಹೋಗುವಾಗ ನಾನು. ಮದುಮಗಳ ತಮ್ಮ ಎನ್ನುವ ಅಧಿಕಾರದಲ್ಲಿ, ಹೊಸದಾಗಿ ಹೊಲಿಸಿದ್ದ ಶರಟಿನ ಗರ್ವದಲ್ಲಿ ಹಲ್ಲು ಕಿರಿದುಕೊಂಡು ಓಡಾಡುತ್ತಿದ್ದೆ. ಆಮೇಲೆ ಕ್ಯಾಸೆಟ್ ನೋಡಿದ ನೆಂಟರೆಲ್ಲ ಇದು ಸುಮಿತ್ರನ ಮದುವೆಯೋ ಸೀನನ ಮದುವೆಯೋ ಎಂದು ಆಡಿಕೊಂಡರು.

ಅಕ್ಕನ ಬಗ್ಗೆ ಬರೆಯಲು ಕುಳಿತರೆ ನನಗೆ ಸರಿಯಾಗಿ ಬರುವುದಿಲ್ಲ. ಅವಳ ನಗು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಗೆ ಹೇಳುವುದು? ಸ್ವಲ್ಪ ಒಡೆದ ದನಿ. ನಗು ಬರುವ ಮೊದಲೇ ಅಂಗೈ ಬಾಯಿಗೆ ಅಡ್ಡ ಬರುತ್ತಿತ್ತು. ನಡಿಗೆ ಎಂದರೆ ಓಟ. ಚಪ್ಪಲಿ ಅವಳ ಹಿಂದೆ ಎಳೆದುಕೊಂಡು ಬರುತ್ತಿತ್ತು. ಗೊರೂರಿನ ಸ್ಕೂಲಿನಲ್ಲಿ ಟೀಚರಾಗಿದ್ದಳು, ಬೆಳಗಿನ ಬಸ್ಸಿಗೆ ದಿನಾ ಓಡಿಹೋಗಿಯೇ ಹತ್ತುತ್ತಿದ್ದಳು. ಅರಕಲಗೂಡಿನ ಪ್ರಭಾಕರ ಭಾವನಿಗೆ ಅವಳನ್ನು ಕೊಟ್ಟೆವು. ಒಬ್ಬಳು ಮಗಳು ಹುಟ್ಟಿದಳು, ಅನುಪಮ. ಮಗು ಇನ್ನೂ ತೊದಲು ಮಾತಾಡುತ್ತಿದ್ದಾಗಲೇ ಅಕ್ಕನಿಗೆ ಕಾಮಾಲೆಯಾಯಿತು. ಸೊಪ್ಪಿನ ಔಷಧಿ ಕುಡಿಸಿದರು, ಪಥ್ಯ ಮಾಡಿಸಿದರು. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು.

ಭಾವ ಒಳ್ಳೆಯವರು. ಮನೆಯವರ ಒತ್ತಾಯಕ್ಕೆ ಮತ್ತೆ ಮದುವೆಯಾದರು. ಅನು ನಮ್ಮ ಮನೆಯಲ್ಲೇ, ಅಮ್ಮನ ಮಡಿಲಲ್ಲಿ ಬೆಳೆದಳು. ಅವಳಿಗೆ ತಾಯಿ ಎಂದರೆ ಗೋಡೆಯ ಮೇಲಿನ ಫೋಟೋ. ಆ ಫೋಟೋದಲ್ಲಿ ಅಕ್ಕ ನಕ್ಕೂ ಇಲ್ಲ. ಸ್ಟುಡಿಯೋದವನು ಗಂಭೀರವಾಗಿ ಕೂರಿಸಿಬಿಟ್ಟಿದ್ದಾನೆ. ಅನು ಆಗಾಗ ವಿಚಿತ್ರವಾದ ಪ್ರಶ್ನೆಗಳನ್ನು ಕೇಳುತ್ತಿದ್ದಳು. ಅಮ್ಮ ನಡೆಯುವಾಗ ಕೈ ಬೀಸುತ್ತಿದ್ದಳೋ ಇಲ್ಲವೋ. ಕರೆಯುವಾಗ ಜೋರಾಗಿ ಕರೆಯುತ್ತಿದ್ದಳೋ ಮೆಲ್ಲಗೋ. ಒಂದು ಸಲ ನನ್ನ ಹೆಂಡತಿಯ ಹತ್ತಿರ, ಅತ್ತೆ, ಅಮ್ಮನ ದನಿ ನಿಮ್ಮ ದನಿಯ ಹಾಗಿತ್ತಾ ಎಂದು ಕೇಳಿದಳಂತೆ. ನನ್ನ ಹೆಂಡತಿ ಅಕ್ಕನನ್ನು ನೋಡಿದವಳೇ ಅಲ್ಲ. ಹಾಗೇ ಇತ್ತೇನೋ ಎಂದಳಂತೆ.

ಮದುವೆಯ ಕ್ಯಾಸೆಟ್ಟುಗಳು ಎರಡಿದ್ದವು. ಧಾರೆ, ಮಾಂಗಲ್ಯ, ಸಪ್ತಪದಿ ಎಲ್ಲ ಇದ್ದ ಮೊದಲನೆಯದು ಅರಕಲಗೂಡಿನ ಮನೆಯಲ್ಲಿತ್ತು. ಅಲ್ಲಿ ಭಾವನ ತಮ್ಮನೊಬ್ಬ, ಕ್ಯಾಸೆಟ್ ಖಾಲಿ ಇದೆ ಎಂದುಕೊಂಡು ಅದರ ಮೇಲೆ ಒಂದು ಕ್ರಿಕೆಟ್ ಪಂದ್ಯ ರೆಕಾರ್ಡ್ ಮಾಡಿಕೊಂಡ. ನನ್ನ ಅಕ್ಕನ ಧಾರೆಯಿದ್ದ ಜಾಗದಲ್ಲಿ ಯಾರೋ ಬೌಲ್ ಮಾಡುತ್ತಾ ಇದ್ದರು. ಉಳಿದದ್ದು ಎರಡನೆಯದು: ಬೀಗರ ಊಟ, ಆಮೇಲೆ ಅರಕಲಗೂಡಿನಲ್ಲಿ ಅಕ್ಕನನ್ನು ಮನೆ ತುಂಬಿಸಿಕೊಂಡದ್ದು. ಅದು ನಮ್ಮ ಮನೆಯ ಅಟ್ಟದಲ್ಲಿ ಅಮ್ಮನ ಹಳೆಯ ಸೀರೆಗಳ ಗಂಟಿನೊಳಗೆ ಇತ್ತು. ಅಕ್ಕ ಹೋದ ಮೇಲೆ ಅದನ್ನು ಹಾಕಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕ್ಯಾಸೆಟ್ ಓಡಿಸುವ ನಮ್ಮ ವಿಸಿಪಿ ಕೂಡ ಕೆಟ್ಟು ಮೂಲೆ ಸೇರಿತು.

ಅನು ಮಿಡ್ಲ್ ಸ್ಕೂಲಿಗೆ ಬಂದ ಮೇಲೆ ಅಮ್ಮನೇ ಒಂದು ದಿನ ಗಂಟು ಬಿಚ್ಚಿ ಕ್ಯಾಸೆಟ್ ತೆಗೆದು ಕೊಟ್ಟಳು. ಹುಡುಗಿಗೆ ತೋರಿಸಬೇಕು, ನಾನಿರುವಾಗಲೇ ತೋರಿಸಬೇಕು ಎಂದಳು. ಹೊಳೆ ಹತ್ತಿರದ ಮನೆ, ಥಂಡಿ. ಕ್ಯಾಸೆಟ್ಟಿನ ಕಿಟಕಿಯೊಳಗೆ ಕಪ್ಪು ಟೇಪಿನ ಅಂಚಿನುದ್ದಕ್ಕೂ ಬೆಳ್ಳಗೆ ಬೂಸಲು ಹತ್ತಿತ್ತು. ಪುಟ್ಟರಾಜು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಬಿಡುವಾದಾಗಲೆಲ್ಲ ಕೂತು ಕೈಯಲ್ಲಿ ಸುರುಳಿ ತಿರುಗಿಸುತ್ತಾ, ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿದ. ತನ್ನ ಮದುವೆಯ ಕ್ಯಾಸೆಟ್ಟನ್ನೂ ಅವನು ಹಾಗೆ ನೋಡಿಕೊಂಡಿರಲಾರ.

ಒರೆಸಿ ಮುಗಿಸಿದ ಮೇಲೆ ನನ್ನನ್ನು ಕರೆಸಿ ಹೇಳಿದ. “ಇದು ಒಂದ್ಸಲ ಓಡ್ತದೆ ಕಣ್ಲಾ ಸೀನ. ಇನ್ನೊಂದ್ಸಲ ಓಡ್ತದೆ ಅಂತ ನಾನು ಮಾತು ಕೊಡಾಕಿಲ್ಲ. ಓಡೋ ಒಂದು ಸಲದಲ್ಲೇ ಕಂಪ್ಯೂಟ್ರಿಗೆ ಇಳಿಸ್ಕಬುಡವ. ಆಮ್ಯಾಕೆ ಸೀಡಿ ಮಾಡ್ಕಂಡು ಮಗಾ ಎಷ್ಟು ಸಲ ಬೇಕಾದ್ರೂ ನೋಡ್ಕಳ್ಲಿ.”

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಚಿತ್ರ ಇಳಿಸಲು ಅವನ ಹತ್ತಿರ ಬೋರ್ಡಿಗೆ ಸಿಕ್ಕಿಸುವ ಒಂದು ಕಾರ್ಡಿತ್ತು, ಪರದೆಗೆ ಚಿತ್ರ ಕೊಡುತ್ತಿದ್ದದ್ದೂ ಅದೇ. ಬೆಂಗಳೂರಿನಿಂದ ತಂದದ್ದು, ಒಳ್ಳೆಯ ಕಾರ್ಡು, ಅವನ ಅನ್ನದ ಕಾರ್ಡು. ತೊಂದರೆ ಏನಾಗಿತ್ತೆಂದರೆ, ಅದೇ ಬೇಸಿಗೆಯಲ್ಲಿ ಸಿಡಿಲು ಹೊಡೆದು ಅವನ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಹೊಸದು ತರೋಣ ಎಂದರೆ ಕಾಲ ಬದಲಾಗಿತ್ತು. ಕಾರ್ಡು ಸಿಕ್ಕಿಸುವ ಸ್ಲಾಟು ಹೊಸ ಬಗೆಯದಾಗಿತ್ತು, ಪಿಸಿಐ ಎಕ್ಸ್‌ಪ್ರೆಸ್ ಎಂದು ಅದರ ಹೆಸರು. ಹಳೆಯ ಕಾರ್ಡು ಅದರಲ್ಲಿ ಕೂರುವುದಿಲ್ಲ. ಬೋರ್ಡು ಬದಲಾಯಿಸಿದರೆ ಕಾರ್ಡು ಬಿಸಾಡಬೇಕು, ಕಾರ್ಡು ಉಳಿಸಿಕೊಂಡರೆ ಬೋರ್ಡು ಸಿಗುವುದಿಲ್ಲ.

ಹೀಗಿರುವಾಗ ಹಾಸನದ ಅಂಗಡಿಯೊಂದರಲ್ಲಿ ಈ ನೀಲಿ ರಾಕ್ಷಸ ನಮ್ಮ ಕಣ್ಣಿಗೆ ಬಿದ್ದ. ಹೊಸದಕ್ಕೂ ಹಳೆಯದಕ್ಕೂ, ಎರಡಕ್ಕೂ ಸಪೋರ್ಟ್. ನಾನು ಓದಿ ಹೇಳಿದೆ. ಪುಟ್ಟರಾಜು ಅಂಗಡಿಯವನನ್ನು ಮತ್ತೆ ಮತ್ತೆ ಕೇಳಿದ. ಅಂಗಡಿಯವನು ಡಬ್ಬದ ಮೇಲೆ ಬೆರಳಿಟ್ಟು, ಕಂಪನಿಯವರೇ ಅಚ್ಚು ಹಾಕಿಸಿದ್ದಾರಲ್ಲ ಸಾರ್, ನಾನು ಬೇರೆ ಹೇಳಬೇಕೇ ಎಂದ. ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದೆವು. ದಾರಿಯುದ್ದಕ್ಕೂ ಪುಟ್ಟರಾಜು ರಾಕ್ಷಸನ ಮುಖವನ್ನು ಸವರುತ್ತಿದ್ದ.

ಬೋರ್ಡು ಕೂರಿಸಿ, ಹಳೆಯ ಕಾರ್ಡನ್ನು ಹಳೆಯ ಸ್ಲಾಟಿಗೆ ಒತ್ತಿದರೆ ಟಕ್ಕೆಂದು ಕೂತಿತು. ಪರದೆಯ ಮೇಲೆ ಚಿತ್ರವೂ ಬಂತು. ಇನ್ನೇನು ಬೇಕು? ಕ್ಯಾಸೆಟ್ ಇಳಿಸುವುದು ಶುಕ್ರವಾರ ಎಂದು ಪುಟ್ಟರಾಜು ನಿಶ್ಚಯ ಮಾಡಿದ. ಅಮ್ಮನೂ ಬರುತ್ತೇನೆಂದು ಹೊರಟಳು. ಅನುಗೆ ಅಂದು ಪರೀಕ್ಷೆ. ಅವಳಿಗೆ ಬರಬೇಕೆಂದು ಬಹಳ ಆಸೆಯಿತ್ತು. ನಾವೇ ಸಮಾಧಾನ ಮಾಡಿದೆವು. ಸೀಡಿ ಬರುತ್ತದಲ್ಲ, ನೀನು ದಿನಾ ನೋಡಬಹುದು, ಪರೀಕ್ಷೆ ಬಿಟ್ಟು ಯಾಕೆ ಬರುತ್ತೀ ಎಂದೆವು. ಅವಳು ಕೆಲವು ದಿನದಿಂದ ತನ್ನ ಗೆಳತಿಯರಿಗೆಲ್ಲ ನಮ್ಮ ಅಮ್ಮ ಟೀವಿಯಲ್ಲಿ ಬರುತ್ತಾಳೆ ಎಂದು ಹೇಳಿಕೊಂಡು ಬಂದಿದ್ದಳು.

ಈಗ ಬೋಣಿಯ ವಿಷಯಕ್ಕೆ ಬರಬೇಕು. ನಮ್ಮ ಕಡೆ ಅಂಗಡಿಯವರು ಬೋಣಿಯ ವಿಷಯದಲ್ಲಿ ಬಹಳ ಬಿಗಿ. ಬೆಳಿಗ್ಗೆ ಮೊದಲ ಗಿರಾಕಿ ಬೇಡ ಎಂದು ಹೋಗಬಾರದು, ಹೊಸ ತಕ್ಕಡಿಯಲ್ಲಿ ಮೊದಲು ತೂಗುವುದು ಸಕ್ಕರೆಯೋ ಬೆಲ್ಲವೋ ಆಗಬೇಕು, ಹೊಸ ಹೊಲಿಗೆ ಯಂತ್ರದಲ್ಲಿ ಮೊದಲು ಕುಪ್ಪಸದ ಬಟ್ಟೆ ಹೊಲಿಯಬೇಕು. ವಿಡಿಯೋದವರಿಗೂ ಈ ನಿಯಮ ಉಂಟು. ಹೊಸ ಕ್ಯಾಮೆರಾ, ಹೊಸ ಮಿಷನ್ನು, ಏನೇ ಬರಲಿ, ಅದರಲ್ಲಿ ಮೊದಲು ಓಡಬೇಕಾದದ್ದು ಮಂಗಳ ಕಾರ್ಯ. ಮದುವೆ, ನಾಮಕರಣ, ಗೃಹಪ್ರವೇಶ. ಕೊನೆಯ ಪಕ್ಷ ಒಂದು ಆರತಕ್ಷತೆ.

ಪುಟ್ಟರಾಜುವಿನ ಸ್ಟುಡಿಯೋದ ಮೇಜಿನ ಮೇಲೆ ಅಂದು ಇದ್ದದ್ದು ಅಕ್ಕನ ಕ್ಯಾಸೆಟ್ ಬಿಟ್ಟರೆ ಇನ್ನೊಂದೇ. ಅದು ಯಾರೋ ಗೌಡರ ತಿಥಿಯದು. ಉಳಿದವೆಲ್ಲ ಗಿರಾಕಿಗಳಿಗೆ ಹೋಗಿಬಿಟ್ಟಿದ್ದವು. ಪುಟ್ಟರಾಜು ಹೊಸ ಬೋರ್ಡಿರುವ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಊದುಬತ್ತಿ ಬೆಳಗಿದ. ಒಂದು ನಿಂಬೆಹಣ್ಣನ್ನೂ ಕೊಯ್ದ. ನಾನು ಪಂಡಿತನಲ್ಲವೇ, ಮೊದಲು ಆ ಇನ್ನೊಂದು ಕ್ಯಾಸೆಟ್ಟನ್ನು ಸ್ವಲ್ಪ ಓಡಿಸಿ ನೋಡಿದರೆ ಹೇಗೆ ಎಂದೆ. ಅಮ್ಮ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು.

“ಹೊಸ ಮಿಷನ್ನಿಗೆ ಮೊದಲು ತಿಥಿ ತೋರಿಸ್ತಾರೇನೋ?” ಎಂದಳು.

“ಅಂಗೆಲ್ಲ ಮಾಡಾಕಾಯ್ತದಾ ಅಮ್ಮಾರೆ” ಎಂದ ಪುಟ್ಟರಾಜು. “ನನ್ನ ಕ್ಯಾಮ್ರಾಕ್ಕೆ ಬೋಣಿ ಆಗಿದ್ದು ಅಕ್ಕನ ಮದ್ವೇಲಿ. ಅವತ್ತಿಂದ ಇವತ್ತಿನಗಂಟ ನಂಗೆ ಕೆಲ್ಸ ತಪ್ಪಿಲ್ಲ. ಈ ಮಿಷನ್‌ಗೂ ಅಕ್ಕಂದೇ ಬೋಣಿ ಆಗ್ಲಿ.”

ಅವನು ಹಾಗೆ ಹೇಳಿದಾಗ ಅಮ್ಮನ ಕಣ್ಣು ತುಂಬಿತು. ನನಗೂ ಅದೇ ಸರಿ ಎನ್ನಿಸಿತು. ಇವತ್ತಿಗೂ, ಅವತ್ತು ಆ ಜಾಗದಲ್ಲಿ ನಿಂತು, ಬೇಡ, ತಿಥಿಯದೇ ಮೊದಲು ಹಾಕು ಎನ್ನುವ ನಾಲಿಗೆ ಯಾರಿಗಿತ್ತು ಎಂದು ಯೋಚಿಸುತ್ತೇನೆ. ನಮ್ಮೂರಿನ ಯಾರಿಗೂ ಇರಲಿಲ್ಲ.

ಇಳಿಸುವಾಗ ಕಂಪ್ಯೂಟರಿನ ಪರದೆಯಲ್ಲಿ ಚಿತ್ರ ನೋಡುತ್ತಾ ಕೂರುವುದಿಲ್ಲ. ಮಿಷನ್ನಿಗೆ ಭಾರವಾಗುತ್ತದೆ ಎಂದು ಪುಟ್ಟರಾಜು ಅದನ್ನು ಮುಚ್ಚಿಡುತ್ತಿದ್ದ. ವಿಸಿಆರ್‌ನಿಂದ ಒಂದು ವೈರು ಕಂಪ್ಯೂಟರಿಗೆ, ಇನ್ನೊಂದು ಪಕ್ಕದ ಟೀವಿಗೆ. ನಾವು ನೋಡುವುದು ಟೀವಿಯಲ್ಲಿ, ಉಳಿಯುವುದು ಕಂಪ್ಯೂಟರಿನಲ್ಲಿ. ಅವನು ವಿಸಿಆರಿನ ಗುಂಡಿ ಒತ್ತಿದ. ಟೀವಿಯಲ್ಲಿ ಬಿಳಿ ಗೆರೆಗಳು ಓಡಿದವು, ಆಮೇಲೆ ಊಟದ ಸಾಲುಗಳು ಬಂದವು. ಸತ್ತುಹೋದ ದೊಡ್ಡಪ್ಪ ತುತ್ತು ಹಿಡಿದುಕೊಂಡು ಕೂತಿದ್ದರು. ಅಮ್ಮ ಎಷ್ಟು ಗಟ್ಟಿಯಾಗಿದ್ದಳು ಆಗ! ಬಕೆಟ್ಟು ಹಿಡಿದು ನಾನು ಎಲ್ಲ ಕಡೆಯೂ ಇದ್ದೆ. ನನ್ನ ತಲೆಯಲ್ಲಿ ಕೂದಲಿತ್ತು.

ಆಮೇಲೆ ಅರಕಲಗೂಡಿನ ಮನೆ. ಬಾಗಿಲಿಗೆ ಮಾವಿನ ಸೊಪ್ಪು. ವ್ಯಾನಿನಿಂದ ಮೊದಲು ಇಳಿದದ್ದು, ಹೇಳಬೇಕೆ, ಮದುಮಗಳ ಜೊತೆ ಹೋದ ತಮ್ಮ. ಲಾಡಿನ ಟಿನ್ನನ್ನು ಎದೆಗೆ ಅಪ್ಪಿಕೊಂಡು ಬಂದು ಕ್ಯಾಮೆರಾದ ಮುಂದೆ ನಿಂತು ಬಾಯಿ ಅಗಲಿಸಿ ನಕ್ಕೆ. ಟೀವಿಯ ತುಂಬ ನಾನೇ. ಮರುಕ್ಷಣ ಆ ಹುಡುಗ ಪಕ್ಕಕ್ಕೆ ಸರಿದ, ಅವನ ಹಿಂದೆ ಅಕ್ಕ ನಿಂತಿದ್ದಳು.

ಹಸಿರು ರೇಷ್ಮೆ ಸೀರೆ, ಬಾಸಿಂಗದ ಗುರುತು ಇನ್ನೂ ಹಣೆಯ ಮೇಲೆ. ಅಲ್ಲಿನ ಹೆಂಗಸರು ಹೊಸಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಪಟ್ಟು ಹಿಡಿದಿದ್ದರು. ಅಕ್ಕ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು, ನಕ್ಕಳು, ಹೆಸರು ಹೇಳಿದಳು, ಅಕ್ಕಿಯ ಸೇರನ್ನು ಬಲಗಾಲಿನಿಂದ ಮೆಲ್ಲಗೆ ಒದ್ದು ಒಳಗೆ ನಡೆದಳು. ಅವಳ ನಡಿಗೆಯಲ್ಲಿ ಎಂದಿನ ಓಟವಿತ್ತು, ಸೆರಗಿನ ಗಂಟು ಎಳೆದು ಭಾವ ಎಡವಿದರು. ಅಮ್ಮ ಟೀವಿಯ ಹತ್ತಿರಕ್ಕೆ ಹೋಗಿ ಗಾಜಿನ ಮೇಲೆ ಕೈಯಿಟ್ಟಳು. ನಾನು ಕಿಟಕಿಯ ಹತ್ತಿರ ಹೋಗಿ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಾ ನಿಂತು ಅತ್ತೆ.

ಕ್ಯಾಸೆಟ್ ಕೊನೆಯವರೆಗೂ ಓಡಿತು. ಪುಟ್ಟರಾಜು ಕೈಮುಗಿದು, ಈಗ ಇಳಿದದ್ದನ್ನು ನೋಡೋಣ ಎಂದು ಕಂಪ್ಯೂಟರಿನ ಪರದೆ ತೆರೆದ. ಊಟದ ಸಾಲು ಸರಿಯಾಗಿ ಬಂತು. ವ್ಯಾನು ಬಂತು. ನಾನು ಬಂದೆ, ನಕ್ಕೆ. ಅಲ್ಲಿಗೆ ಚಿತ್ರ ನಿಂತುಹೋಯಿತು. ದನಿ ಮಾತ್ರ ಓಡುತ್ತಲೇ ಇತ್ತು. ಹೆಂಗಸರ ಗಲಾಟೆ, ನಗು, ಆರತಿಯ ಹಾಡು, ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಪರದೆಯ ತುಂಬ ಲಾಡಿನ ಟಿನ್ ಹಿಡಿದ ನಾನು. ಪುಟ್ಟರಾಜು ಮುಂದಕ್ಕೆ ಎಳೆದ, ಇನ್ನೂ ಮುಂದಕ್ಕೆ ಎಳೆದ. ಕೊನೆಯವರೆಗೂ ಅದೇ ಹಲ್ಲು, ಅದೇ ಟಿನ್ನು.

ಅವನು ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಟೀವಿಯಲ್ಲಿ ಬಿಳಿ ಮಳೆ ಬಿಟ್ಟು ಏನೂ ಇರಲಿಲ್ಲ. ಒಳಗೆ ಏನೋ ಕಿರುಗುಟ್ಟಿತು. ಹೊರಗೆ ತೆಗೆದರೆ ಟೇಪು ಸುಕ್ಕಾಗಿ ತುಂಡಾಗಿತ್ತು, ವಿಸಿಆರಿನ ಒಳಗೆಲ್ಲ ಕಂದು ಪುಡಿ. ಚಿತ್ರ ಇರುವುದು ಆ ಪುಡಿಯಲ್ಲೇ ಎಂದು ಪುಟ್ಟರಾಜು ಅಮ್ಮನಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು. ಅವನು ಆ ಪುಡಿಯನ್ನು ಒರೆಸದೆ ಬೆರಳಲ್ಲಿ ಹಿಡಿದುಕೊಂಡು ಕೂತಿದ್ದ.

ತಿಥಿಯ ಕ್ಯಾಸೆಟ್ಟನ್ನು ಅವನು ಆಮೇಲೆ ಹಾಕಿದ. ಅದೂ ಅರ್ಧಕ್ಕೆ ನಿಂತಿತು. ಮತ್ತೆ ಮತ್ತೆ ಹಾಕಿದ, ಮತ್ತೆ ಮತ್ತೆ ನಿಂತಿತು. ಬೋಣಿಗೆ ಅದನ್ನೇ ಹಾಕಿದ್ದರೆ ಬೋರ್ಡಿನ ದೋಷ ಅದರಲ್ಲೇ ಗೊತ್ತಾಗಿ ಅಕ್ಕನ ಕ್ಯಾಸೆಟ್ಟನ್ನು ಎತ್ತಿಡಬಹುದಾಗಿತ್ತು. ಆಗ ನಾವು ಮೂವರೂ ಮುಖ ಮುಖ ನೋಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ತಿಂಗಳುಗಳಾದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ನಮ್ಮ ರಾಕ್ಷಸನ ಸುದ್ದಿ ಇತ್ತು. ಬೋರ್ಡ್ ಮಾಡುವ ಕಂಪನಿಗಳು ಕಿತ್ತಾಡುತ್ತಿದ್ದವು. ಆ ಹಳೆಯ ಸ್ಲಾಟು ನಿಜವಾದ ಹಳೆಯ ಸ್ಲಾಟೇ ಅಲ್ಲ, ಆಕಾರ ಮಾತ್ರ ಅದರದು ಎಂದು ಒಂದು ಕಂಪನಿ ಹೇಳಿತ್ತು. ಕಾರ್ಡು ಕೂರುತ್ತದೆ, ದೀಪ ಹತ್ತುತ್ತದೆ, ಆದರೆ ಕೆಳಗಿನ ತಂತಿಗಳು ಹೋಗಿರುವುದು ಇನ್ನೂ ಹಿಂದಿನ ಕಾಲದ, ಇಕ್ಕಟ್ಟಾದ ದಾರಿಗೆ. ಸುಮ್ಮನಿದ್ದಾಗ ಏನೂ ಗೊತ್ತಾಗುವುದಿಲ್ಲ, ಕೆಲಸ ಹೆಚ್ಚಾದಾಗ ಉಸಿರು ಕಟ್ಟುತ್ತದೆ. ನಮ್ಮ ಕಡೆ ಎಕ್ಸ್‌ಪ್ರೆಸ್ ಎಂದು ಬೋರ್ಡು ತಗುಲಿಸಿಕೊಂಡು ಪ್ರತಿಯೊಂದು ಮರದ ಕೆಳಗೂ ನಿಲ್ಲುವ ಬಸ್ಸು ನೆನಪಾಯಿತು. ಇದಕ್ಕೆ ರಾಕ್ಷಸನ ಕಂಪನಿಯವರ ಉತ್ತರವೂ ಇತ್ತು. ನಾವು ಸಪೋರ್ಟ್ ಇದೆ ಎಂದೆವೇ ಹೊರತು ಪೂರ್ತಿ ವೇಗ ಇದೆ ಎಂದೆವೇ? ಡಬ್ಬದ ಹಿಂದೆ ಚುಕ್ಕಿ ಹಾಕಿ, ಕೆಲವು ಕಾರ್ಡುಗಳಿಗೆ ಮಾತ್ರ ಎಂದು ಬರೆದಿಲ್ಲವೇ?

ಮನೆಗೆ ಬಂದು ಡಬ್ಬ ತಿರುಗಿಸಿ ನೋಡಿದೆ. ಬರೆದಿತ್ತು. ಅಕ್ಷರ ಎಷ್ಟು ಸಣ್ಣದೆಂದರೆ ಅಮ್ಮನ ಕನ್ನಡಕ ಇಸಿದುಕೊಂಡು ಓದಬೇಕಾಯಿತು.

ಆ ಜಗಳವನ್ನು ನಾನು ಸಂಚಿಕೆಯಿಂದ ಸಂಚಿಕೆಗೆ ಹಿಂಬಾಲಿಸಿದೆ, ನೆಂಟರ ಮನೆಯ ವ್ಯಾಜ್ಯವನ್ನು ಹಿಂಬಾಲಿಸುವ ಹಾಗೆ. ಯಾರು ಗೆದ್ದರು ಎನ್ನುವುದು ಕೊನೆಗೂ ಗೊತ್ತಾಗಲಿಲ್ಲ. ಅದರಲ್ಲಿ ವೇಗದ ಮಾತಿತ್ತು, ಆಟಗಳ ಮಾತಿತ್ತು, ನಂಬಿಕೆದ್ರೋಹ ಎನ್ನುವ ದೊಡ್ಡ ಮಾತೂ ಒಂದು ಕಡೆ ಇತ್ತು. ಮದುವೆ ಕ್ಯಾಸೆಟ್ಟಿನ ಮಾತು ಎಲ್ಲೂ ಇರಲಿಲ್ಲ. ಆಮೇಲೆ ಇನ್ನೂ ಹೊಸ ಸ್ಲಾಟು ಬರುತ್ತದೆಂದು ಸುದ್ದಿಯಾದಾಗ, ಮೊದಲು ಆರೋಪ ಮಾಡಿದ್ದ ಕಂಪನಿಯೇ ನಮ್ಮ ಬೋರ್ಡು ಅದಕ್ಕೂ ತಯಾರು ಎಂದು ಡಬ್ಬದ ಮೇಲೆ ಹಾಕಿಕೊಂಡಿತು. ಇನ್ನೊಬ್ಬರು ಅದು ಸುಳ್ಳು ಎಂದರು. ನಾನು ಆ ಪತ್ರಿಕೆ ಕೊಳ್ಳುವುದನ್ನು ಬಿಟ್ಟೆ.

ಪುಟ್ಟರಾಜು ಇದನ್ನೆಲ್ಲ ಕೇಳಿ ಸಿಟ್ಟಾಗುತ್ತಾನೆಂದು ತಿಳಿದಿದ್ದೆ. ಅವನು ಸುಮ್ಮನೆ ಬೀಡಿ ಹಚ್ಚಿದ. “ಬರೆಯೋರು ಬರ್ಕತಾರೆ ಕಣ್ಲಾ. ಅವ್ರಿಗೇನು, ಅಕ್ಕನ ಗುರುತಾ ಪರಿಚಯವಾ? ನಂಗೆ ಗುರುತಿತ್ತಲ್ಲಾ, ನಾನು ಯಾಕೆ ಬೋಣಿ ಬೋಣಿ ಅಂದೆ?” ಎಂದ. ಆ ಬೋರ್ಡನ್ನು ಅವನು ಕಿತ್ತುಹಾಕಿದ. ಖಾಲಿ ಡಬ್ಬವನ್ನು ಅಮ್ಮ ಕೇಳಿ ತಂದಳು. ಈಗ ಅವನ ಸ್ಟುಡಿಯೋಗೆ ಯಾವ ಹೊಸ ಮಿಷನ್ನು ಬಂದರೂ ಅವನು ಅದಕ್ಕೆ ಕುಂಕುಮ ಹಚ್ಚುವುದಿಲ್ಲ. ಮೊದಲು ಆ ಗೌಡರ ತಿಥಿಯ ಕ್ಯಾಸೆಟ್ಟನ್ನೇ ಹಾಕುತ್ತಾನೆ. ಅವನ ಹೆಂಡತಿ ಬೈಯುತ್ತಾಳೆ, ಬಂದ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಆ ಗೌಡರು ಯಾರೋ ಏನೋ, ಚನ್ನರಾಯಪಟ್ಟಣದಲ್ಲಿ ಅವರಷ್ಟು ಸಲ ಪಿಂಡ ಕಂಡವರು ಇನ್ನೊಬ್ಬರಿಲ್ಲ.

ನಾವು ಹಾಸನಕ್ಕೆ ಮನೆ ಬದಲಾಯಿಸಿದಾಗ ಡಬ್ಬವೂ ಬಂತು. ಒಂದು ಸಲ ಹೂಬತ್ತಿ ತೆಗೆಯಲು ಕೈ ಹಾಕಿದವನಿಗೆ ತಳದಲ್ಲಿ ಗಟ್ಟಿಯಾದದ್ದು ಏನೋ ತಗುಲಿತು. ತುಂಡಾದ ಕ್ಯಾಸೆಟ್ಟು. ಅಮ್ಮ ಅದನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ, ಎಸೆಯಲೂ ಇಲ್ಲ. ದಿನಾ ಅದರ ಮೇಲಿನಿಂದ ಎರಡು ಬತ್ತಿ ತೆಗೆದು ದೀಪ ಹಚ್ಚುತ್ತಾಳೆ. ನಾನು ಹೂಬತ್ತಿಗಳನ್ನು ಮತ್ತೆ ಅದರ ಮೇಲೆ ಹರಡಿ ಡಬ್ಬ ಮುಚ್ಚಿದೆ.

ಆ ಶುಕ್ರವಾರ ಸಂಜೆಯದೊಂದು ಉಳಿದಿದೆ. ಅದನ್ನು ಹೇಳದೆ ಮುಗಿಸಲಾಗುವುದಿಲ್ಲ. ನಾವು ಹೊಳೆನರಸೀಪುರಕ್ಕೆ ಬಂದು ತಲುಪುವ ಹೊತ್ತಿಗೆ ಅನು ಜಗುಲಿಯ ಮೇಲೆ ಕೂತು ಕಾಯುತ್ತಿದ್ದಳು. ಜಡೆ ಹಾಕಿಕೊಂಡು, ಹೂ ಮುಡಿದುಕೊಂಡು, ಯಾರದೋ ಮನೆಗೆ ಹೊರಟವಳ ಹಾಗೆ. ಅಮ್ಮ ಅವಳ ಮುಖ ನೋಡದೆ ಒಳಗೆ ಹೋಗಿಬಿಟ್ಟಳು. ಕ್ಯಾಸೆಟ್ ಹಳೆಯದಾಗಿತ್ತು ಪುಟ್ಟಿ, ದನಿ ಮಾತ್ರ ಬಂದಿದೆ ಎಂದೆ. “ದನಿ ಬಂದಿದೆಯಾ ಮಾಮ?” ಎಂದಳು. ಅವಳ ಮುಖ ಅರಳಿತು. ನನಗೆ ಅದೇ ತಡೆಯಲಾಗಲಿಲ್ಲ.

ಪುಟ್ಟರಾಜು ಇಳಿದಷ್ಟನ್ನೇ ಸೀಡಿ ಮಾಡಿಕೊಟ್ಟಿದ್ದ, ಅದನ್ನು ನನ್ನ ಕಂಪ್ಯೂಟರಿಗೆ ಹಾಕಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು, ನಾನು ಪಕ್ಕದಲ್ಲಿ ನಿಂತೆ. ಊಟದ ಸಾಲುಗಳು ಹೋದವು. ವ್ಯಾನು ಬಂತು. ಟಿನ್ ಹಿಡಿದುಕೊಂಡು ನಾನು ಬಂದು ನಿಂತು ನಕ್ಕೆ, ಚಿತ್ರ ನಿಂತಿತು. ಹೊಸಿಲಿನ ಕಡೆಯಿಂದ ಹೆಂಗಸರು ಬಂದ್ರು, ಬಂದ್ರು ಎನ್ನುತ್ತಿದ್ದರು. ಕ್ಯಾಮೆರಾದ ಹಿಂದಿನಿಂದ ಹುಡುಗ ಪುಟ್ಟರಾಜುವಿನ ದನಿ, ಅತ್ಲಾಗೆ ಸರ್ಕಳ್ಲಾ ಸೀನ, ಅಕ್ಕ ಕಾಣಾಕಿಲ್ಲ ಎಂದಿತು. ಆಮೇಲೆ ಸ್ವಲ್ಪ ಒಡೆದ ದನಿಯೊಂದು, ನಗುತ್ತಾ, ತೀರ ಹತ್ತಿರದಿಂದ:

“ಲೋ ಸೀನ, ಸರ್ಕೊಳೋ. ನಾನು ಕಾಣೋದು ಬೇಡ್ವೇನೋ?”

ಅನು ನನ್ನ ಕಡೆ ನೋಡಿದಳು. ಹೌದು ಎಂದು ತಲೆಯಾಡಿಸಿದೆ. ಅವಳು ಹಿಂದಕ್ಕೆ ಎಳೆದು ಮತ್ತೆ ಹಾಕಿದಳು. ಆ ಮಾತು ಬರುವ ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿ ಎಡಕ್ಕೆ ವಾಲಿ, ಕತ್ತು ಉದ್ದ ಮಾಡಿದಳು. ಟಾಕೀಸಿನಲ್ಲಿ ಮುಂದಿನ ಸಾಲಿನವನ ತಲೆ ಅಡ್ಡ ಬಂದಾಗ ನಾವು ಮಾಡುತ್ತೇವಲ್ಲ, ಹಾಗೆ. ಆಮೇಲೆ ಬಲಕ್ಕೆ ವಾಲಿ ನೋಡಿದಳು.

ನನಗೇ ಗೊತ್ತಿಲ್ಲದೆ ನಾನು ನಿಂತ ಜಾಗದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಪರದೆಯ ಮೇಲಿದ್ದವನು ಸರಿಯಲಿಲ್ಲ.